ನಕ್ಷೆಯಲ್ಲಿ ಮರ ಆಗಲೇ ಬೆಳೆದಿದೆ

ಕಲ್ಲು ಮುಗಿಯಿತು, ಗುಂಡಿ ಉಳಿಯಿತು. ಇನ್ನು ಕ್ವಾರಿಯ ನಿಜವಾದ ಸುಗ್ಗಿ: ಗುಂಡಿಯನ್ನು ಮತ್ತೆ ಹಸಿರು ಮಾಡುತ್ತೇವೆ ಎನ್ನುವ ಪುನಶ್ಚೇತನ ಯೋಜನೆ ಬರೆಯುವ ಕಾಲ. ವರದಿಯ ಮುಖಪುಟದಲ್ಲಿ ಕಂಪ್ಯೂಟರ್ ಬಿಡಿಸಿದ ನೀಲಿ ಸರೋವರ, ದಡದಲ್ಲಿ ಬಲೂನು ಹಿಡಿದ ಮಗು. ಯಾವ ಕ್ವಾರಿಯ ವರದಿ ತೆರೆದರೂ ಅದೇ ಮಗು. ಪಾಪ, ಇನ್ನೂ ಬೆಳೆದೇ ಇಲ್ಲ. ಗಿಡಗಳು ಮಾತ್ರ ನೆಡುವ ಮುಂಚೆಯೇ ಹೆಮ್ಮರ.

ಮರಕ್ಕೆ ಮಣ್ಣು ಬೇಕಲ್ಲ ಎಂದು ಸಭೆಯಲ್ಲಿ ಒಬ್ಬ ತರಲೆ ಕೇಳಿಯೇ ಕೇಳುತ್ತಾನೆ. ಮೊದಲ ಸಿಡಿಮದ್ದು ಇಡುವ ಮುಂಚೆಯೇ ಮೇಲ್ಮಣ್ಣನ್ನು ಕೆರೆದು, ಅಡಿಮಣ್ಣಿನ ಜೊತೆ ಬೆರೆಸದೆ, ತಗ್ಗಾದ ರಾಶಿ ಹಾಕಿ, ಹುಲ್ಲು ಬೆಳೆಸಿ ಕಾಯಬೇಕಿತ್ತು. ಎತ್ತರಕ್ಕೆ ಪೇರಿಸಿ ವರ್ಷಗಟ್ಟಲೆ ಬಿಟ್ಟರೆ ಒಳಗೆ ಗಾಳಿಯಾಡದೆ ಮಣ್ಣಿನ ಜೀವವೇ ಹೋಗುತ್ತದೆ. ಒಂದು ಮೂಲೆಯಲ್ಲಿ ಕಲ್ಲು ಮುಗಿದ ಹಾಗೆ ಆ ಮೂಲೆಯನ್ನು ಆಗಲೇ ಸರಿಪಡಿಸುತ್ತಾ ಬರಬೇಕಿತ್ತು. ಅಂದರೆ ಇದು ಮೊದಲ ದಿನದ ಯೋಜನೆ. ಬರೆದಿರಲಿಲ್ಲ ಅನ್ನಬೇಡಿ, ಪರವಾನಗಿಗೆಂದು ಬರೆದಿದ್ದರು. ಯೋಜನೆಯನ್ನು ಕಡತದಲ್ಲಿ ಜೋಪಾನ ಮಾಡಿದರು, ಮಣ್ಣನ್ನು ಲಾರಿಗೆ ಹಾಕಿದರು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಇಲ್ಲಿ ಕೋಟೆಯೂ ಜಲ್ಲಿಯಾಗಿ ಹೋಗಿದೆ.

ಕೆನಡಾದಲ್ಲಿ ಜೆನ್ನಿ ಬುಚಾರ್ಟ್ ಎಂಬಾಕೆ ಗಂಡನ ಸಿಮೆಂಟ್ ಕಾರ್ಖಾನೆಗೆ ಸುಣ್ಣಕಲ್ಲು ಕೊಟ್ಟು ಬರಿದಾದ ಗುಂಡಿಗೆ ಕುದುರೆಗಾಡಿಯಲ್ಲಿ ಮಣ್ಣು ಹೊರಿಸಿ ತೋಟ ಮಾಡಿದರು; 1921ರಲ್ಲಿ ಮುಗಿಯಿತು. ನಮ್ಮ ಸಮಿತಿಗೆ ಈ ಉದಾಹರಣೆ ಬಹಳ ಹಿಡಿಸಿತು. ಪರಿಶೀಲನೆಗೆ ಪ್ರವಾಸ ಹೋಗಬೇಕು ಎಂದು ಒಮ್ಮತ ಮೂಡಿತು.

ಆಮೇಲೆ ಕಡಿದಾದ ಗೋಡೆಗಳ ವಿಷಯ. ಬಂಡೆ ಉರುಳದಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು ಎಂದರು ತಜ್ಞರು. ಹಾಗೆ ಇಳಿಸಲು ಅಂಚಿನಲ್ಲಿ ಇನ್ನೊಂದಿಷ್ಟು ಕಲ್ಲು ಕಡಿಯಬೇಕಾದೀತು ಎಂದಾಗ, ಅದುವರೆಗೆ ತೂಕಡಿಸುತ್ತಿದ್ದ ಗುತ್ತಿಗೆದಾರರಿಗೆ ಪರಿಸರದ ಮೇಲೆ ಒಮ್ಮೆಲೇ ಪ್ರೀತಿ ಉಕ್ಕಿತು.

ನೀರಿನದು ಸುಲಭ. ಕಲ್ಲು ತೆಗೆಯಲೆಂದು ಗುಂಡಿಯ ನೀರೆತ್ತುತ್ತಿದ್ದ ಪಂಪು ನಿಲ್ಲಿಸಿದರೆ ಸಾಕು, ಅಂತರ್ಜಲ ತಾನೇ ಏರುತ್ತದೆ. ಸ್ವಿಚ್ ಆರಿಸುವ ಈ ಕೆಲಸಕ್ಕೆ ವರದಿಯಲ್ಲಿ ‘ಜಲಸಂಪನ್ಮೂಲ ಸೃಷ್ಟಿ’ ಎಂಬ ಒಂದು ಪೂರ್ತಿ ಅಧ್ಯಾಯವಿದೆ.

ಅಲ್ಲಿಗೆ ಆ ತರಲೆ ಮತ್ತೆ ಎದ್ದ. ಇಂಗ್ಲೆಂಡಿನ ಬಕ್ಸ್‌ಟನ್ ಬಳಿಯ ಹಾರ್ಪರ್ ಹಿಲ್ ಕ್ವಾರಿಯ ಕಥೆ ಹೇಳಿದ. ಸುಣ್ಣದ ಕಾರಣ ಅಲ್ಲಿಯ ನೀರು ಕಣ್ಣು ಕೋರೈಸುವ ನೀಲಿ, ಕ್ಷಾರತೆ ಮಾತ್ರ ಬ್ಲೀಚಿನ ಸಮೀಪ. ಬೇಡ ಬೇಡ ಎಂದು ಫಲಕ ಹಾಕಿದರೂ ಜನ ಈಜಲು ಬರುತ್ತಿದ್ದರು. ಕೊನೆಗೆ 2013ರಲ್ಲಿ ಸ್ಥಳೀಯ ಆಡಳಿತ ನೀರಿಗೆ ಕಪ್ಪು ಬಣ್ಣ ಸುರಿಯಿತು.

ಸಭೆ ಗಂಭೀರವಾಯಿತು. ಪುನಶ್ಚೇತನಕ್ಕೆಂದು ಕಟ್ಟಿಸಿಕೊಂಡ ಭದ್ರತಾ ಠೇವಣಿ ವರದಿಯ ಮುದ್ರಣಕ್ಕೇ ಸರಿಹೋಗಿ, ಎರಡು ಡಬ್ಬ ಬಣ್ಣದಷ್ಟು ಉಳಿದಿತ್ತು. ಅದನ್ನು ನೀರಿಗೆ ಹಾಕುವುದೋ ಮುಖಪುಟದ ಸರೋವರಕ್ಕೋ ಎಂದು ನಿರ್ಧರಿಸಲು ಉಪಸಮಿತಿ ರಚನೆಯಾಗಿದೆ. ಮಗುವಿನ ಬಲೂನು ಹಸಿರಾಗಿರಲಿ ಎಂಬುದಷ್ಟೇ ಸದ್ಯಕ್ಕೆ ಅಂತಿಮ.