ಜೀವಶಾಸ್ತ್ರವಿಲ್ಲದೆ ಎಂಬಿಬಿಎಸ್? ಆ ಸಂದೇಶ ಅರ್ಧ ಸತ್ಯ

‘ಪಿಯುಸಿಯಲ್ಲಿ ಪಿಸಿಎಂಸಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ) ಓದಿದವರೂ ಇನ್ನು ಜೀವಶಾಸ್ತ್ರವಿಲ್ಲದೆ ನೀಟ್ ಬರೆದು ಡಾಕ್ಟರಾಗಬಹುದು’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ದಯವಿಟ್ಟು ಇದನ್ನು ನಂಬಿ ಕೂರಬೇಡಿ.

ಇದರ ಮೂಲ ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ನವೆಂಬರ್‌ನಲ್ಲಿ ಹೊರಡಿಸಿದ ಪ್ರಕಟಣೆ. ಅದಕ್ಕೂ ಮೊದಲು 11 ಮತ್ತು 12ನೇ ತರಗತಿಗಳೆರಡರಲ್ಲೂ ಪ್ರಾಯೋಗಿಕ ತರಗತಿಗಳ ಸಮೇತ ಜೀವಶಾಸ್ತ್ರವನ್ನು ರೆಗ್ಯುಲರ್ ಆಗಿ ಓದಿರಬೇಕಿತ್ತು. ಆಯೋಗ ಸಡಿಲಿಸಿದ್ದು ಇದನ್ನು ಮಾತ್ರ. 12ನೇ ತರಗತಿ ಮುಗಿದ ಮೇಲೂ ಮಾನ್ಯತೆ ಪಡೆದ ಮಂಡಳಿಯಿಂದ ಜೀವಶಾಸ್ತ್ರ ಅಥವಾ ಜೈವಿಕ ತಂತ್ರಜ್ಞಾನವನ್ನು ಹೆಚ್ಚುವರಿ ವಿಷಯವಾಗಿ ತೆಗೆದುಕೊಂಡು ಪಾಸಾದವರು ನೀಟ್ ಬರೆಯಬಹುದು. ವಿಷಯಕ್ಕೆ ವಿನಾಯಿತಿ ಇಲ್ಲ; ಅದನ್ನು ಓದುವ ದಾರಿಗಷ್ಟೇ ವಿನಾಯಿತಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಇಂಗ್ಲಿಷ್ ಎಂದಿನಂತೆ ಬೇಕೇ ಬೇಕು. ಗಣಿತ ಕಡ್ಡಾಯವಲ್ಲ.

ನೀಟ್ ಪ್ರಶ್ನೆಪತ್ರಿಕೆಯನ್ನೇ ನೋಡಿ: 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು, 720 ಅಂಕಗಳಲ್ಲಿ 360 ಅದರದೇ. ಓದದೆ ಹೋದರೆ ಅರ್ಧ ಪತ್ರಿಕೆ ಖಾಲಿ.

ಪಿಸಿಎಂಸಿ ಓದಿ ಈಗ ಮನಸ್ಸು ಬದಲಾಗಿರುವ ಮಕ್ಕಳಿಗೆ ಬಾಗಿಲು ಮುಚ್ಚಿಲ್ಲ, ಇದು ನಿಜಕ್ಕೂ ಒಳ್ಳೆಯ ಸುದ್ದಿ. ಆದರೆ ಕೋಚಿಂಗ್‌ಗೆ ದುಡ್ಡು ಕಟ್ಟುವ ಮೊದಲು ಹೆಚ್ಚುವರಿ ವಿಷಯದ ನೋಂದಣಿ ಯಾವಾಗ, ಫಲಿತಾಂಶ ಯಾವಾಗ ಎಂದು ಮಂಡಳಿಯಲ್ಲೇ ವಿಚಾರಿಸಿ, ಆ ವರ್ಷದ ನೀಟ್ ಮಾಹಿತಿ ಪುಸ್ತಿಕೆಯ ಅರ್ಹತಾ ಭಾಗವನ್ನು ಖುದ್ದಾಗಿ ಓದಿ.