ಅಬ್ದುಲ್ ಎಂಬ ಅರ್ಧ ಹೆಸರು

ಮಂಗಳೂರಿನ ಯಾವುದಾದರೂ ಆಸ್ಪತ್ರೆಯ ಕೌಂಟರಿನಲ್ಲಿ ‘ಅಬ್ದುಲ್ ಯಾರು? ಒಳಗೆ ಬನ್ನಿ’ ಎಂದು ಕೂಗಿ ನೋಡಿ, ನಾಲ್ಕು ಜನ ಒಟ್ಟಿಗೆ ಏಳುತ್ತಾರೆ. ಎದ್ದವರ ತಪ್ಪೇನಿಲ್ಲ. ಕೂಗಿದ್ದು ಹೆಸರೇ ಅಲ್ಲ, ಹೆಸರಿನ ಮುಂಭಾಗ. ಅರಬ್ಬಿಯಲ್ಲಿ ‘ಅಬ್ದ್’ ಅಂದರೆ ದಾಸ. ‘ಅಲ್’ ಮುಂದೆ ಬರುವ ಪದಕ್ಕೆ ಸೇರಿದ್ದು. ರಾಮನ ದಾಸನನ್ನು ‘ಏ ರಾಮನ, ಇಲ್ಲಿ ಬಾರೋ’ ಎಂದು ಕರೆದರೆ ಹೇಗಿರುತ್ತದೋ ಬರೀ ‘ಅಬ್ದುಲ್’ ಕೂಡ ಹಾಗೇ.

ಹಿಂದಿನ ತುಂಡನ್ನು ಹಿಡಿದು ಕರೆದರೆ ಇನ್ನೊಂದು ಫಜೀತಿ. ಅದು ದೇವರ ಗುಣನಾಮ. ಕರೀಂ, ರಹೀಂ ಮನುಷ್ಯರಿಗೂ ಸಲ್ಲುತ್ತವೆ, ತೊಂದರೆಯಿಲ್ಲ. ರಹಮಾನ್, ಖಾಲಿಕ್ ಹಾಗಲ್ಲ. ರಹಮಾನ್ ಅಂದರೆ ದಯಾಮಯ, ಖಾಲಿಕ್ ಅಂದರೆ ಸೃಷ್ಟಿಕರ್ತ. ‘ಖಾಲಿಕ್, ಆ ಪಂಪ್ ಆಫ್ ಮಾಡಿ ಬಾ’ ಎಂದಾಗ ಶಾಸ್ತ್ರ ಬಲ್ಲ ಹಿರಿಯರು ಹುಬ್ಬು ಗಂಟಿಕ್ಕುವುದು ಇದಕ್ಕೇ.

ಕಾಗುಣಿತದ ಜಗಳ ಶುರುವಾಗುವುದು ಸಂಧಿಯಲ್ಲಿ. ಅರಬ್ಬಿಯ 28 ಅಕ್ಷರಗಳಲ್ಲಿ 14 ಸೂರ್ಯಾಕ್ಷರ, 14 ಚಂದ್ರಾಕ್ಷರ. ಮುಂದೆ ಸೂರ್ಯಾಕ್ಷರ ಬಂದರೆ ‘ಅಲ್’ನ ಲಕಾರ ಕರಗಿ ಆ ಅಕ್ಷರವೇ ಇಮ್ಮಡಿಯಾಗುತ್ತದೆ: ಅಬ್ದುಸ್ಸಲಾಂ, ಅಬ್ದುರ್ರಹಮಾನ್. ಚಂದ್ರಾಕ್ಷರವಾದರೆ ಲಕಾರ ಉಳಿಯುತ್ತದೆ: ಅಬ್ದುಲ್ ಖಾದರ್, ಅಬ್ದುಲ್ ಹಮೀದ್. ಜಗತ್‌ಗೆ ನಾಥ ಸೇರಿ ಜಗನ್ನಾಥ ಆದದ್ದನ್ನು ಶಾಲೆಯಲ್ಲೇ ಕಂಡವರಿಗೆ ಇದೇನು ಮಹಾ! ಆದರೆ ಅರಬ್ಬಿ ಬರಹದಲ್ಲಿ ಆ ಲಕಾರ ಬಾಯಿ ಮುಚ್ಚಿಕೊಂಡು ಅಲ್ಲೇ ಕೂತಿರುತ್ತದೆ. ಬರಹ ನೋಡಿದವರು ‘ಅಬ್ದುಲ್ ರಹಮಾನ್’ ಎಂದು ಬರೆಯುತ್ತಾರೆ, ಕಿವಿಯಲ್ಲಿ ಕೇಳಿದವರು ‘ಅಬ್ದುರ್ ರಹಮಾನ್’ ಎಂದು. ಕರಾವಳಿಯವರು ‘ರಹಿಮಾನ್’ ಎಂದು ಒಂದು ಗುಡಿಸನ್ನೂ ದಯಪಾಲಿಸುತ್ತಾರೆ. ಮೂರೂ ಸರಿ. ಆಧಾರ್‌ನಲ್ಲಿ ಒಂದು, ಪಾನ್‌ನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಇದ್ದಾಗ ಮಾತ್ರ ಕಂಪ್ಯೂಟರಿಗೆ ಮೂವರು ಕಾಣುತ್ತಾರೆ.

ಪಾಸ್‌ಪೋರ್ಟಿನಲ್ಲಿ ಎರಡು ಅಂಕಣ: ಹೆಸರು, ಉಪನಾಮ. ಉಪನಾಮವಿಲ್ಲದವರು ಎರಡನೆಯ ಅಂಕಣವನ್ನು ಖಾಲಿ ಬಿಡುತ್ತಿದ್ದರು. 2022ರ ನವೆಂಬರಿನಲ್ಲಿ ಯುಎಇ ಭೇಟಿ ವೀಸಾಕ್ಕೆ ಒಂಟಿ ಹೆಸರಿನ ಪಾಸ್‌ಪೋರ್ಟ್ ನಡೆಯದು ಎಂದಿತು. ಆಗ ಸುಲಭವಾಗಿ ಹೊಳೆಯುವ ಉಪಾಯವೆಂದರೆ ಹೆಸರನ್ನೇ ಎರಡು ಹೋಳು ಮಾಡಿ, ಅಬ್ದುಲ್ ಅನ್ನು ಹೆಸರಿಗೂ ರಹಮಾನನ್ನು ಉಪನಾಮಕ್ಕೂ ಹಂಚುವುದು. ಅಲ್ಲಿಗೆ ಕಚೇರಿಯ ಬಿಲ್ಲೆಯ ಮೇಲೆ ಆಯುಷ್ಯಪೂರ್ತಿ ‘ಮಿಸ್ಟರ್ ಅಬ್ದುಲ್’. ಅರಬರಲ್ಲಿ ಸ್ವಂತ ಹೆಸರಿನ ಹಿಂದೆ ಬರುವುದು ತಂದೆಯ ಹೆಸರು, ಆಮೇಲೆ ಅಜ್ಜನದು, ಕೊನೆಗೆ ಮನೆತನದ್ದು. ಹಾಗಾಗಿ ಹೋಳಾದ ರಹಮಾನ್ ತಂದೆಯ ಸ್ಥಾನಕ್ಕೂ ಬಡ್ತಿ ಪಡೆಯಬಹುದು. ಹೊಸದಾಗಿ ಅರ್ಜಿ ಹಾಕುವವರು ಅಬ್ದುಲ್‌ರಹಮಾನ್ ಎಂದು ಜಾಗ ಬಿಡದೆ ಮೊದಲ ಅಂಕಣದಲ್ಲಿ ಬರೆದು, ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ಎರಡನೆಯದಕ್ಕೆ ಕೊಡುವುದು ವಾಸಿ. ಮಗುವಿನ ಜನನ ಪ್ರಮಾಣಪತ್ರದಲ್ಲೇ ಹೀಗೆ ಮಾಡಿದರೆ ಮುಂದೆ ಅಫಿಡವಿಟ್ಟಿನ ಓಡಾಟ ತಪ್ಪುತ್ತದೆ. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಕರೀಂ ಅಬ್ದುಲ್-ಜಬ್ಬಾರ್ 1971ರಲ್ಲಿ ತೆಗೆದುಕೊಂಡ ಹೆಸರಿನ ನಡುವೆ ಒಂದು ಅಡ್ಡಗೆರೆ ಇದೆ. ಆ ಗೆರೆ ಇರುವ ತನಕ ಯಾರೂ ಕತ್ತರಿ ಹಾಕಲಾರರು.

ದೀರ್ಘದ ವಿಷಯದಲ್ಲಂತೂ ಇಂಗ್ಲಿಷ್ ಕಾಗುಣಿತವನ್ನು ನಂಬಲೇಬಾರದು. ಜಮಾಲ್ ಅಂದರೆ ಚೆಲುವು, ಜಮಲ್ ಅಂದರೆ ಒಂಟೆ. ಹಮೀದ್ ಹೊಗಳಿಸಿಕೊಳ್ಳುವವನು, ಹಾಮಿದ್ ಹೊಗಳುವವನು. ಹ, ಮ, ದ ಎಂಬ ಮೂರೇ ವ್ಯಂಜನಗಳ ಬೇರಿನಿಂದ ಮುಹಮ್ಮದ್, ಅಹ್ಮದ್, ಮಹಮೂದ್ ಕೂಡ ಹುಟ್ಟಿದ್ದು. ಬದಲಾಗುವುದು ಸ್ವರ, ಒತ್ತು ಮತ್ತು ಮೊದಲಿಗೆ ಅಂಟಿಕೊಳ್ಳುವ ಅಕ್ಷರ ಮಾತ್ರ. ಮದುವೆ ಕಾಗದ ಅಚ್ಚಿಗೆ ಕೊಡುವಾಗ ‘ಜಮಾಲ್’ನ ಆ ದೀರ್ಘವನ್ನು ಬೆರಳಿಟ್ಟು ನೋಡಿ. ತಪ್ಪಿದರೆ ವರನ ಜಾಗದಲ್ಲಿ ಒಂಟೆ.

ಹೆಸರು ಮೊಟಕು ಮಾಡುವ ಕಲೆಯನ್ನು ಚೆನ್ನಾಗಿ ಬಲ್ಲವರು ದಕ್ಷಿಣ ಕನ್ನಡದ ಬ್ಯಾರಿಗಳು. ಅಬ್ದುರ್ರಹಮಾನ್ ಅವರ ಬಾಯಲ್ಲಿ ‘ಅದ್ರಾಮ’. ಬಕಾರ, ಹಕಾರ, ನಕಾರ ಉದುರಿದವು, ಆದರೆ ಗಮನಿಸಿ, ದಾಸನೂ ಉಳಿದ, ದಯಾಮಯನೂ ಉಳಿದ. ಯಾವ ಫಾರ್ಮಿಗೂ ಈ ಹದ ಸಿಕ್ಕಿಲ್ಲ. ಅಬ್ದುಲ್ ಖಾದರ್ ಅವರಿಗೆ ಮಾತ್ರ ಈ ಭಾಗ್ಯವಿಲ್ಲ. ಪೇಟೆಯಲ್ಲಿ ಅವರು ಬರೀ ‘ಕಾದ್ರಿ’.