ಸತ್ಯಾಂಶ: ಡೀಸೆಲ್ ಎಂಜಿನ್ ಆಯಿಲ್ ಕಪ್ಪಾದರೆ ಕೆಟ್ಟಿತು ಅಂತಲ್ಲ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಕಾಲುವೆ ನೀರೆತ್ತುವ ಹಳೇ ಡೀಸೆಲ್ ಎಂಜಿನ್ ಇಟ್ಟವರಿಗೆ ಒಂದು ಫಾರ್ವರ್ಡ್ ಬರುತ್ತಲೇ ಇರುತ್ತದೆ: ಆಯಿಲ್ ಕಪ್ಪಾಯ್ತು ಅಂದ್ರೆ ಸತ್ತಿತು, ಕೂಡಲೇ ಬದಲಿಸಿ ಅಂತ. ಇದು ತಪ್ಪು.

ಡೀಸೆಲ್ ಉರಿದಾಗ ಮಸಿ ಹುಟ್ಟುತ್ತದೆ, ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ (ಪಿಸ್ಟನ್ ಸುತ್ತಲಿನ ಬಿಗಿ ಬಳೆ) ದಾಟಿ ಕೆಳಗಿಳಿದು ಆಯಿಲ್ ಸೇರುತ್ತದೆ, ಆಯಿಲ್‌ನಲ್ಲಿರೋ ಡಿಟರ್ಜೆಂಟ್ ಅಂಶಗಳು ಆ ಮಸಿ ಗಡ್ಡೆ ಕಟ್ಟದಂತೆ ತೇಲಿಸಿ ಹಿಡಿದುಕೊಳ್ಳುತ್ತವೆ. ಕಪ್ಪು ಬಣ್ಣ ಅದರದ್ದೇ. ಹಳೇ ಎಂಜಿನ್‌ನಲ್ಲಿ ಹೊಸ ಆಯಿಲ್ ಕೆಲವೇ ಗಂಟೆಗಳಲ್ಲಿ ಕಪ್ಪಾಗಬಹುದು.

ಹಾಗಾದ್ರೆ ನೋಡಬೇಕಾದ್ದೇನು? ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಒಳಗೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ ಮತ್ತು ಬ್ಲಾಕ್ ನಡುವಿನ ಸೋರದಂತೆ ತಡೆಯೋ ಪಟ್ಟಿ) ಮೇಲೆ ಅನುಮಾನ ಇಡಿ, ಎಂಜಿನ್ ಓಡಿಸಬೇಡಿ. ಆಯಿಲ್ ಹಾಕದೆಯೇ ಮಟ್ಟ ಏರಿದೆ, ತೆಳ್ಳಗಾಗಿದೆ, ಡೀಸೆಲ್ ವಾಸನೆ ಬರ್ತಿದೆ ಅಂದ್ರೆ ಇಂಜೆಕ್ಟರ್ (ಡೀಸೆಲ್ ಸಿಂಪಡಿಸೋ ಭಾಗ) ಅಥವಾ ಫ್ಯೂಯೆಲ್ ಪಂಪ್ ಸೋರುತ್ತಿರಬಹುದು. ಬೆರಳ ನಡುವೆ ಉಜ್ಜಿದಾಗ ಮರಳಿನಂತೆ ಚುಚ್ಚಿದರೆ ಧೂಳೋ ಲೋಹದ ಪುಡಿಯೋ ಇದೆ.

ಧೂಳಿನ ವಿಷಯ ನಮ್ಮ ಕಡೆ ದೊಡ್ಡದು ಅಲ್ವಾ. ಬಳ್ಳಾರಿಯ ಕೆಂಧೂಳು ಏರ್ ಕ್ಲೀನರ್ ದಾಟಿ ಒಳಹೊಕ್ಕರೆ ರಿಂಗ್, ಲೈನರ್ (ಪಿಸ್ಟನ್ ಓಡಾಡೋ ಒಳಕೊಳವೆ) ಸವೆಯುತ್ತವೆ, ಮಸಿಗಿಂತ ಇದೇ ಜಾಸ್ತಿ ಹಾಳು. ಏರ್ ಕ್ಲೀನರ್‌ನ ಆಯಿಲ್ ಬಾತ್ ಕಪ್ (ಧೂಳು ಹಿಡಿಯೋ ಆಯಿಲ್ ಬಟ್ಟಲು) ಬಿಚ್ಚಿದಾಗ ಅಡಿಯಲ್ಲಿ ಕೆಸರು ಕೂತಿದ್ದರೆ ತೊಳೆದು ಹೊಸ ಆಯಿಲ್ ಹಾಕಿ.

ಎಂಜಿನ್ ಆಯಿಲ್ ಬದಲಾವಣೆಗೆ ಲೆಕ್ಕ ಬಣ್ಣದ್ದಲ್ಲ, ಓಡಿದ ಗಂಟೆಗಳದ್ದು. ಮ್ಯಾನುಯಲ್ ಹೇಳಿದಷ್ಟಾದ ಮೇಲೆ ಎಂಜಿನ್ ಬಿಸಿ ಇರುವಾಗಲೇ ಆಯಿಲ್ ಇಳಿಸಿ, ಮಸಿಯೂ ಜೊತೆಗೇ ಇಳಿಯುತ್ತದೆ. ಹಳೇ ಆಯಿಲ್ ಕಾಲುವೆಗೆ ಮಾತ್ರ ಸುರೀಬೇಡಿ.